ಬಾಣಂತಿ ಮನೆಯ ಬಾಗಿಲಲ್ಲಿ ಆರೋಗ್ಯದೂತೆ

ವಾಚನ: ವಿಮೋಚನಾಕಾಂಡ 1:15-21



ಹಿಬ್ರಿಯರ ಗಂಡುಮಕ್ಕಳನ್ನು ಹುಟ್ಟಿದೊಡನೆ ಕೊಲ್ಲಬೇಕೆಂದು ಈಜಿಪ್ಟಿನ ಅರಸ ಆಜ್ಞಾಪಿಸಿದಾಗ, ಶಿಫ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು ದೇವರಿಗೆ ಭಯಪಟ್ಟು ಆ ಮಕ್ಕಳನ್ನು ಉಳಿಸಿದರು. ಫರೋಹ ಎಂಬುದು ಪದವಿ ಮಾತ್ರ. ಆ ಅರಸನ ಹೆಸರು ಇಲ್ಲಿಲ್ಲ. ಹೆರಿಗೆ ಮನೆಗೆ ಹೋಗುತ್ತಿದ್ದ ಈ ಸಾಧಾರಣ ಸ್ತ್ರೀಯರ ಹೆಸರುಗಳನ್ನು ಪವಿತ್ರ ಗ್ರಂಥ ಉಳಿಸಿಕೊಂಡಿದೆ.

ಇಂಥ ಸೇವೆಯ ಫಲವನ್ನು ನಮ್ಮ ಕಾಲದಲ್ಲಿ ಕಂಡದ್ದು ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ. ವೈದ್ಯ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಅವರು 1995ರಲ್ಲಿ 39 ಹಳ್ಳಿಗಳಲ್ಲಿ ಅಲ್ಲಿನ ಸ್ತ್ರೀಯರಿಗೇ ತರಬೇತಿ ಕೊಡಿಸಿದರು. ‘ಆರೋಗ್ಯದೂತ’ರೆಂದು ಕರೆಯಲಾದ ಅವರು ಮನೆಮನೆಗೆ ಹೋಗಿ ಎಳೆಮಗುವನ್ನು ತೂಗಿದರು, ಬೆಚ್ಚಗಿರಿಸಲು ಕಲಿಸಿದರು, ಉಸಿರು ಎಣಿಸಿದರು, ಸೋಂಕು ಕಂಡರೆ ಔಷಧ ಕೊಟ್ಟರು. ಮೊದಲು ಅಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 62 ಮಕ್ಕಳು ತಿಂಗಳು ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1997-98ರ ಹೊತ್ತಿಗೆ ಆ ಸಂಖ್ಯೆ ಸುಮಾರು 25ಕ್ಕೆ ಇಳಿಯಿತು.

2011ರಲ್ಲಿ ಭಾರತ ಸರ್ಕಾರ ಮನೆಯಲ್ಲೇ ಎಳೆಮಗುವಿನ ಆರೈಕೆ ನೋಡುವ ಈ ಹೊಣೆಯನ್ನು ಆಶಾ ಕಾರ್ಯಕರ್ತೆಯರಿಗೆ ವಹಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆಕೆ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಬರಬೇಕು.

ಆದರೆ ನಾವು ಬಾಗಿಲು ತೆರೆಯುತ್ತೇವೆಯೇ? ದೃಷ್ಟಿಯಾದೀತೆಂದು ಮಗುವನ್ನು ತೋರಿಸದವರಿದ್ದಾರೆ. ಆಕೆ ಬೇರೆ ಕೇರಿಯವಳೆಂದು ಜಗಲಿಯಿಂದಲೇ ಕಳುಹಿಸುವವರೂ ಇದ್ದಾರೆ. ನಮ್ಮ ಅಜ್ಜಿಯಂದಿರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೂ ಗಿಣ್ಣುಹಾಲನ್ನು ಚೆಲ್ಲಿ ಜೇನು, ಸಕ್ಕರೆ ನೀರು ಕೊಡುವುದು, ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ತುಂಬಿಸುವುದು ಮಗುವಿಗೆ ಕೇಡು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲೇ ಅದರ ಬಾಯಿಗೆ ಬೀಳಬೇಕು.

ಈ ಗುರುತುಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ:

- ಮಗು ಹಾಲು ಕುಡಿಯುವುದನ್ನು ನಿಲ್ಲಿಸಿದರೆ, ಅಳು ಕ್ಷೀಣವಾದರೆ
- ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ
- ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡಿದರೆ, ಎದೆ ಒಳಕ್ಕೆ ಸೆಳೆದರೆ
- ಹೊಕ್ಕಳಲ್ಲಿ ಕೀವು ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ

ಬಾಣಂತನಕ್ಕೆ ತವರಿಗೆ ಹೋಗುವಾಗ ಎರಡೂ ಊರಿನ ಕಾರ್ಯಕರ್ತೆಯರಿಗೆ ತಿಳಿಸಿರಿ. ಇಲ್ಲವಾದರೆ ಅಲ್ಲಿಯವರು ಇಲ್ಲಿರಬಹುದೆಂದೂ, ಇಲ್ಲಿಯವರು ಅಲ್ಲಿರಬಹುದೆಂದೂ ತಿಳಿದು ಮಗು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಚಿಕ್ಕ ಮಗುವನ್ನು ತಮ್ಮ ಹೆಸರಿನಲ್ಲಿ ಸ್ವೀಕರಿಸುವವರು ತಮ್ಮನ್ನೇ ಸ್ವೀಕರಿಸುತ್ತಾರೆಂದು ಯೇಸುಸ್ವಾಮಿ ತಿಳಿಸಿದ್ದಾರೆ (ಮಾರ್ಕ 9:37). ಆ ಮಗುವಿಗಾಗಿ ಬಿಸಿಲಿನಲ್ಲಿ ನಡೆದು ಬಂದವಳನ್ನು ಒಳಗೆ ಕರೆದು ಕೂರಿಸುವುದೂ ಆ ಸ್ವೀಕಾರದ ಭಾಗವೇ.

ಕುಟುಂಬದ ಚಿಂತನೆಗೆ

1. ನಮ್ಮ ಬೀದಿಯ ಆಶಾ ಕಾರ್ಯಕರ್ತೆಯ ಹೆಸರು ನಮಗೆ ಗೊತ್ತೇ?
2. ನಮ್ಮ ಧರ್ಮಕೇಂದ್ರದಲ್ಲಿ ಈ ತಿಂಗಳು ಹೆರಿಗೆಯಾದ ಬಡ ತಾಯಿಗೆ ನಮ್ಮಿಂದ ಏನಾಗಬೇಕು?

ಪ್ರಾರ್ಥನೆ: ಜೀವದಾತರಾದ ದೇವರೇ, ಎಳೆಯ ಜೀವಗಳನ್ನು ಕಾಯುವ ಕೈಗಳನ್ನು ಆಶೀರ್ವದಿಸಿರಿ. ಅವರಿಗೆ ಬಾಗಿಲು ತೆರೆಯುವ ಮನಸ್ಸನ್ನು ನಮಗೆ ದಯಪಾಲಿಸಿರಿ. ಆಮೆನ್.