ಕೂಡುರಸ್ತೆಯ ದೀಪವೂ ಸ್ವಯಂಚಾಲಿತ ವಾಹನಗಳೂ

ನಾಲ್ಕು ರಸ್ತೆಗಳು ಕೂಡುವ ಸ್ಥಳದಲ್ಲಿ ಒಂದೇ ನೆಲವನ್ನು ಅನೇಕರು ಏಕಕಾಲದಲ್ಲಿ ಬಯಸುತ್ತಾರೆ. ಯಾರು ಮೊದಲು ಹೋಗತಕ್ಕದ್ದು, ಯಾರು ನಿಲ್ಲತಕ್ಕದ್ದು ಎಂಬದನ್ನು ನಿರ್ಣಯಿಸುವದೇ ಸಂಕೇತದೀಪದ ಕಾರ್ಯವು. ಈಗ ಚಾಲಕನಿಲ್ಲದೆ ತಾವೇ ನಡೆಯುವ ಮೋಟಾರುಗಳೂ ರೇಡಿಯೋ ಮೂಲಕ ವರ್ತಮಾನ ಕಳುಹಿಸುವ ಮೋಟಾರುಗಳೂ ಹುಟ್ಟಿರುವದರಿಂದ, ಈ ದೀಪವು ಇನ್ನು ಮುಂದೆ ಬೇಕೇ ಎಂಬ ಪ್ರಶ್ನೆಯು ಎದ್ದಿದೆ. ಇದನ್ನು ಕ್ರಮವಾಗಿ ವಿಚಾರಿಸೋಣ.

1868ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಭವನದ ಬಳಿಯಲ್ಲಿ ಜೆ. ಪಿ. ನೈಟ್ ಎಂಬ ರೈಲ್ವೆ ಇಂಜಿನಿಯರನು ರೈಲುದಾರಿಯ ಕೈಮರವನ್ನೇ ಬೀದಿಗೆ ತಂದು, ರಾತ್ರಿಗಾಗಿ ಅದಕ್ಕೆ ಗ್ಯಾಸಿನ ದೀಪಗಳನ್ನಿಡಿಸಿದನು. ಮರುವರ್ಷವೇ ಅದು ಸಿಡಿದು, ನಡಿಸುತ್ತಿದ್ದ ಪೋಲೀಸಿನವನು ಗಾಯಗೊಂಡನು. 1914ರಲ್ಲಿ ಅಮೆರಿಕೆಯ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ ವಿದ್ಯುತ್ತಿನ ಸಂಕೇತದೀಪವು ಬಂದಿತು. ಅಂದಿನಿಂದಲೂ ದೀಪವು ಮನುಷ್ಯನ ಕಣ್ಣಿಗೆ ಹೇಳುತ್ತಾ ಬಂದಿದೆ. ಕಣ್ಣಿಗೆ ಹೇಳುವದರಲ್ಲಿ ಕಾಲವು ನಷ್ಟವಾಗುತ್ತದೆ. ಹಸುರು ಬಣ್ಣವನ್ನು ಕಂಡು, ತಿಳಿದು, ಹೊರಡುವದಕ್ಕೆ ಮೊದಲನೆಯ ಚಾಲಕನಿಗೆ ಸುಮಾರು ಎರಡು ಸೆಕೆಂಡು ಹಿಡಿಯುವದು. ಹಿಂದಿನವರು ಸುಮಾರು ಎರಡೆರಡು ಸೆಕೆಂಡಿಗೊಬ್ಬರಂತೆ ಗೆರೆ ದಾಟುವರು. ಆದಕಾರಣ ಮೂವತ್ತು ಸೆಕೆಂಡಿನ ಹಸುರಿನಲ್ಲಿ ಒಂದು ಸಾಲಿನಿಂದ ಹದಿನಾಲ್ಕು ವಾಹನಗಳು ದಾಟಿದರೆ ಹೆಚ್ಚು.

ವಾಹನವು ತನ್ನ ಸ್ಥಾನವನ್ನೂ ವೇಗವನ್ನೂ ದೂರದಿಂದಲೇ ತಿಳಿಸುವದಾದರೆ, ದೀಪದ ಯಂತ್ರವು ಬರುವ ಸಾಲನ್ನು ಮುಂಚಿತವಾಗಿ ಅರಿತು ಹಸುರನ್ನು ಹಂಚಬಹುದು. ದೀಪವೂ ವಾಹನಕ್ಕೆ, ಇನ್ನು ಇಷ್ಟು ಸೆಕೆಂಡಿನಲ್ಲಿ ಹಸುರಾಗುವೆನು, ಎಂದು ತಿಳಿಸಬಹುದು. ಆಗ ವಾಹನವು ಮೆಲ್ಲನೆ ಬಂದು, ನಿಲ್ಲದೆ ಸಾಗಿ, ಇಂಧನವನ್ನುಳಿಸುವದು.

2004ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡ್ರೆಸ್ನರ್ ಮತ್ತು ಸ್ಟೋನ್ ಎಂಬವರು ಇನ್ನೂ ಮುಂದೆ ಹೋದರು. ಅವರ ಕ್ರಮದಲ್ಲಿ ಕೂಡುರಸ್ತೆಯ ನೆಲವನ್ನು ಚದುರಂಗದ ಹಲಗೆಯಂತೆ ಸಣ್ಣ ಚೌಕಗಳಾಗಿ ಭಾಗಿಸಲಾಗಿದೆ. ಬರುವ ವಾಹನವು, ಇಂಥ ಕ್ಷಣದಲ್ಲಿ ಇಂಥ ಚೌಕಗಳು ನನಗೆ ಬೇಕು, ಎಂದು ಯಂತ್ರವನ್ನು ಬೇಡುವದು. ಅವು ಬಿಡುವಾಗಿದ್ದರೆ ಅಪ್ಪಣೆ ದೊರೆಯುವದು. ಇಲ್ಲವಾದರೆ ವಾಹನವು ವೇಗ ತಗ್ಗಿಸಿ ಪುನಃ ಬೇಡುವದು. ಎಲ್ಲಾ ವಾಹನಗಳೂ ಸ್ವಯಂಚಾಲಿತವಾದಲ್ಲಿ ದೀಪವೇ ಬೇಡ. ಮನುಷ್ಯರು ನಡಿಸುವ ವಾಹನಗಳೂ ಬೆರೆತಿರುವಾಗ ಅವರಿಗೋಸ್ಕರ ದೀಪವನ್ನುಳಿಸಬೇಕೆಂದು ಅವರೇ ಅನಂತರ ಕಂಡುಕೊಂಡರು. ನಾರ್ತ್ ಕ್ಯಾರೊಲೈನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕನೆಯದಾಗಿ ಬಿಳಿಯ ದೀಪವೊಂದನ್ನು ಸೂಚಿಸಿದರು. ಅದು ಬೆಳಗಿದಾಗ ಚಾಲಕನು ಮುಂದಿನ ವಾಹನವನ್ನು ಹಿಂಬಾಲಿಸಿದರೆ ಸಾಕು.

ಆದರೆ ಕಾಲ್ನಡೆಯವರ ಗತಿ ಏನು? ಹದಿನಾಲ್ಕು ಮೀಟರು ಅಗಲದ ರಸ್ತೆಯನ್ನು ಸೆಕೆಂಡಿಗೆ ಒಂದು ಮೀಟರಿನಂತೆ ನಡೆಯುವವಳು ಹದಿನಾಲ್ಕು ಸೆಕೆಂಡಿನಲ್ಲಿ ದಾಟುವಳು. ಅದಕ್ಕಿಂತ ಮೆಲ್ಲನೆ, ಸೆಕೆಂಡಿಗೆ 0.7 ಮೀಟರಿನಂತೆ ನಡೆಯುವ ವೃದ್ಧೆಗೆ ಇಪ್ಪತ್ತು ಸೆಕೆಂಡು ಬೇಕು. ವಾಹನಗಳು ಎರಡು ಸೆಕೆಂಡಿಗಿಂತಲೂ ಕಡಿಮೆ ಅಂತರದಲ್ಲಿ ಎಡೆಬಿಡದೆ ಹೆಣೆದುಕೊಂಡು ಸಾಗುವಲ್ಲಿ ಈ ಇಪ್ಪತ್ತು ಸೆಕೆಂಡು ತಾನಾಗಿ ಎಂದಿಗೂ ಒದಗದು. ಶಾಲೆಗೆ ಹೋಗುವ ಬಾಲಿಕೆಯ ಚೀಲದಲ್ಲಿ ರೇಡಿಯೋ ಇಲ್ಲ. ಅವಳು ಚೌಕಗಳನ್ನು ಬೇಡಲಾರಳು. ಯಂತ್ರದ ಲೆಕ್ಕದಲ್ಲಿ ಬೇಡದವನು ಇಲ್ಲದವನೇ. ದ್ವಿಚಕ್ರಗಳೂ ಆಟೋರಿಕ್ಷಾಗಳೂ ಸಾಲುಗಟ್ಟದೆ ಬೆರೆತು ಸಾಗುವ ಬೆಂಗಳೂರಿನಂಥ ಪಟ್ಟಣದಲ್ಲಿ ಇಂಥವರ ಸಂಖ್ಯೆಯು ಬಹಳ.

ಕೆಂಪು ದೀಪದಿಂದ ಕಾಲವು ವ್ಯರ್ಥವಾಗುತ್ತದೆಂದು ದೂರುವವರು ಇದನ್ನು ಗಮನಿಸಬೇಕು: ಆ ವ್ಯರ್ಥಕಾಲದಲ್ಲಿಯೇ ನಡೆಯುವವರು ಇಷ್ಟು ದಿನ ರಸ್ತೆಯನ್ನು ದಾಟಿದ್ದಾರೆ. ಆದುದರಿಂದ ಹೊಸ ಕ್ರಮವು ಎಲ್ಲಿ ಬಂದರೂ, ಕಾಲ್ನಡೆಯವರ ಸರದಿಯನ್ನು ವಾಹನಗಳ ಬೇಡಿಕೆಗಿಂತ ಮುಂಚೆಯೇ ಲೆಕ್ಕದಲ್ಲಿ ಬರೆದಿಡತಕ್ಕದ್ದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ಹೆಣ್ಣುಮಕ್ಕಳಲ್ಲಿಯೂ ಗಣಿತವನ್ನೂ ಯಂತ್ರಶಾಸ್ತ್ರವನ್ನೂ ಕಲಿತವರು ಇಂಥ ಲೆಕ್ಕಗಳನ್ನು ಮಾಡುವ ದಿನ ಬಂದಾಗ, ಆ ಇಪ್ಪತ್ತು ಸೆಕೆಂಡುಗಳನ್ನು ಮೊದಲು ಬರೆಯುವರೆಂದು ನಂಬುತ್ತೇವೆ.