ಸುಪ್ತ ಸೂಕ್ಷ್ಮಾಣುಗಳು ಮತ್ತು ಔಷಧ ಸೇವನೆಯ ಕ್ರಮ

ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಗ್ಲೂಕೋಸನ್ನೂ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನೂ ಒಟ್ಟಿಗೆ ಕೊಟ್ಟರೆ, ಅದು ಮೊದಲು ಗ್ಲೂಕೋಸನ್ನೇ ಬಳಸುತ್ತದೆ. ಅದು ತೀರಿದ ಬಳಿಕ ಬೆಳವಣಿಗೆ ಕೆಲಕಾಲ ನಿಲ್ಲುತ್ತದೆ. ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಸಿದ್ಧವಾದ ಮೇಲೆ ಪುನಃ ಆರಂಭವಾಗುತ್ತದೆ. ಇಂತಹ ಎರಡು ಹಂತದ ಬೆಳವಣಿಗೆಯನ್ನು ಗುರುತಿಸಿದ ಫ್ರೆಂಚ್ ವಿಜ್ಞಾನಿ ಜಾಕ್ ಮೊನೊ ಅವರು, ಅದರ ಹಿಂದಿನ ನಿಯಂತ್ರಣವನ್ನು ಅರಿತುದಕ್ಕಾಗಿ 1965ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು.

ಗಮನಿಸತಕ್ಕ ಸಂಗತಿಯೆಂದರೆ, ಆಹಾರ ಬದಲಾದಾಗ ಎಲ್ಲ ಕೋಶಗಳೂ ಒಂದೇ ರೀತಿ ವರ್ತಿಸುವುದಿಲ್ಲ. ಒಂದೇ ಸಂತತಿಯವಾದರೂ ಕೆಲವು ಬೇಗನೆ ಹೊಂದಿಕೊಳ್ಳುತ್ತವೆ, ಕೆಲವು ತಡಮಾಡುತ್ತವೆ, ಅತ್ಯಲ್ಪ ಸಂಖ್ಯೆಯವು ಬೆಳೆಯದೆ ಸುಪ್ತವಾಗಿರುತ್ತವೆ. ಅನೇಕ ಆ್ಯಂಟಿಬಯೋಟಿಕ್ ಔಷಧಗಳು ಬೆಳೆಯುತ್ತಿರುವ ಕೋಶಗಳನ್ನೇ ಹೆಚ್ಚಾಗಿ ನಾಶಮಾಡುವುದರಿಂದ, ಸುಪ್ತ ಕೋಶಗಳು ಉಳಿದುಕೊಳ್ಳಬಲ್ಲವು.

ಕ್ಷಯರೋಗಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ ಬೇಕಾಗುವುದಕ್ಕೆ ಇಂತಹ ಸುಪ್ತ ಸೂಕ್ಷ್ಮಾಣುಗಳೇ ಒಂದು ಮುಖ್ಯ ಕಾರಣ. ಕೆಮ್ಮು, ಜ್ವರ ಇಳಿದವೆಂದು, ಸುಗ್ಗಿಯ ಕೆಲಸ ಬಂದಿತೆಂದು ಮಾತ್ರೆಗಳನ್ನು ನಡುವೆ ಬಿಟ್ಟರೆ ರೋಗವು ಮರಳಬಹುದು, ಔಷಧಕ್ಕೂ ಬಗ್ಗದಂತಾಗಬಹುದು. ಸರಕಾರಿ ಆಸ್ಪತ್ರೆಗಳಲ್ಲಿ ಈ ಔಷಧವು ಉಚಿತವಾಗಿ ದೊರೆಯುತ್ತದೆ. ಆಯುರ್ವೇದದ ಪಥ್ಯ, ಪೌಷ್ಟಿಕ ಆಹಾರಗಳು ಅದಕ್ಕೆ ಪೂರಕವೇ ಹೊರತು ಬದಲಿಯಲ್ಲ. ಆದ್ದರಿಂದ ಸದ್ಭಕ್ತರು ವೈದ್ಯರು ಹೇಳಿದ ಅವಧಿಯನ್ನು ತಪ್ಪದೆ ಪೂರೈಸಬೇಕು.