ಪಲ್ಲಕ್ಕಿಯ ರಾತ್ರಿ, ಲೆಕ್ಕದ ಪುಸ್ತಕ

ಚೈತ್ರ ಮಾಸ ಬಂತು ಅಂದರೆ ಹಲಸೂರಿನಲ್ಲಿ ನಮ್ಮ ಸಂಜೆ ತರಗತಿ ಖಾಲಿ. ಹಲಗೆ ಇರುತ್ತದೆ. ಸೀಮೆಸುಣ್ಣ ಇರುತ್ತದೆ. ಪಾಠ ಹೇಳುವ ನಾವು ಇರುತ್ತೇವೆ. ಅಕ್ಕಂದಿರು ಮಾತ್ರ ಇರುವುದಿಲ್ಲ. ಎಲ್ಲಿ ಹೋದರು? ಹೂ ಕಟ್ಟಲು ಹೋದರು. ಸೋಮೇಶ್ವರ ದೇವರ ಪಲ್ಲಕ್ಕಿ ಬಂತಲ್ಲ!

ಮೊದಮೊದಲು ನಮಗೆ ಬೇಸರವಾಗುತ್ತಿತ್ತು. ಆಮೇಲೆ ಒಂದು ವರ್ಷ ನಾವೂ ಅಲ್ಲಿಗೇ ಹೋದೆವು. ಹೂವಿನ ರಾಶಿಯ ಪಕ್ಕ ಕೂತೆವು. ನಮಗೆ ಹೂ ಕಟ್ಟಲು ಸರಿಯಾಗಿ ಬರುವುದಿಲ್ಲ. ಅಕ್ಕಂದಿರು ನಕ್ಕರು. ಆ ದಿನ ಅವರು ಟೀಚರು, ನಾವು ವಿದ್ಯಾರ್ಥಿಗಳು.

ಹಲಸೂರಿನ ಪಲ್ಲಕ್ಕಿ ಉತ್ಸವ ನಿಮಗೆ ಗೊತ್ತೇ ಇದೆ. ಸುತ್ತಮುತ್ತಲ ಗುಡಿಗಳಿಂದ ಪಲ್ಲಕ್ಕಿಗಳು ಬರುತ್ತವೆ. ಮಲ್ಲಿಗೆ, ಕನಕಾಂಬರ, ಸೇವಂತಿಗೆಯ ಅಲಂಕಾರ. ನಾದಸ್ವರ, ಡೋಲು, ತಮಟೆ. ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ರಸ್ತೆಯಲ್ಲೇ. ರಾತ್ರಿಯೆಲ್ಲಾ ಯಾರಿಗೂ ನಿದ್ದೆ ಇಲ್ಲ. ಹಿಂದೆ ಹೆಗಲ ಮೇಲೆ ಹೋಗುತ್ತಿದ್ದ ಪಲ್ಲಕ್ಕಿ ಈಗ ಬಹಳ ಕಡೆ ಗಾಡಿಯ ಮೇಲೆ ಹೋಗುತ್ತದೆ. ಹೂವು ಮಾತ್ರ ಈಗಲೂ ಕೈಯಿಂದಲೇ ಕಟ್ಟಬೇಕು.

ಶಿವಾಜಿನಗರದಲ್ಲಿ ಸಂತ ಮರಿಯಮ್ಮನ ಹಬ್ಬ. ಆಗಸ್ಟ್ 29ಕ್ಕೆ ಬಾವುಟ ಏರುತ್ತದೆ. ಸೆಪ್ಟೆಂಬರ್ 8ಕ್ಕೆ ತೇರು. ಹರಕೆ ಹೊತ್ತವರು ಕಾವಿ ಬಣ್ಣದ ಬಟ್ಟೆ ಉಟ್ಟು ಬರುತ್ತಾರೆ. ಗಣೇಶನ ಹಬ್ಬ ಬಂದರೆ ಬೀದಿಗೊಂದು ಚಪ್ಪರ. ನವೆಂಬರ್ ಬಂದರೆ ರಾಜ್ಯೋತ್ಸವ, ಭುವನೇಶ್ವರಿ ತಾಯಿಯ ಮೆರವಣಿಗೆ.

ಇಷ್ಟೆಲ್ಲಾ ತಾನಾಗಿಯೇ ನಡೆಯುತ್ತದೆಯೇ? ಇಲ್ಲ. ಹಿಂದೆ ಒಂದು ಸಂಘ ಇರುತ್ತದೆ, ಇಲ್ಲವೇ ಒಂದು ಕಮಿಟಿ. ಅದಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ. ಕೈಯಲ್ಲಿ ಒಂದು ರಸೀದಿ ಪುಸ್ತಕ. ಮನೆಮನೆಗೆ ಬಂದು ಚಂದಾ ಕೇಳುತ್ತಾರೆ. ನಾವೂ ಕೊಡುತ್ತೇವೆ. ದೇವರ ಕೆಲಸಕ್ಕೆ ಇಲ್ಲ ಅನ್ನುವುದು ಹೇಗೆ?

ನಮ್ಮ ತರಗತಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹೂ ಮಾರಿ ಬದುಕಿದವರು. ಮೊಳ ಹಾಕುವಾಗ ಅವರ ಕೈ ಒಂದು ಬೆರಳೂ ತಪ್ಪುವುದಿಲ್ಲ. ಎಷ್ಟೋ ವರ್ಷದಿಂದ ಪ್ರತಿ ವರ್ಷ ಚಂದಾ ಕೊಟ್ಟಿದ್ದಾರೆ. ಮೇಲೆ ಹೂವನ್ನೂ ಕಟ್ಟಿಕೊಟ್ಟಿದ್ದಾರೆ. ಓದಲು ಕಲಿತ ವರ್ಷ ಅವರು ರಸೀದಿಯನ್ನು ಕಣ್ಣ ಹತ್ತಿರ ಹಿಡಿದರು. ಒಂದೊಂದೇ ಅಕ್ಷರ ಕೂಡಿಸಿದರು. ಮುಖ ಸಣ್ಣದಾಯಿತು.

"ಇದು ನನ್ನ ಹೆಸರಲ್ಲ. ನನ್ನ ಮಗನ ಹೆಸರು."

ದುಡ್ಡು ಅಜ್ಜಿಯದು. ಹೂವೂ ಅಜ್ಜಿಯದು. ಕಾಗದದ ಮೇಲೆ ಮಗ! ಹಳೆಯ ರಸೀದಿಗಳನ್ನು ಅವರು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದರು. ಅವನ್ನೂ ತಂದರು. ಎಲ್ಲದರಲ್ಲೂ ಹಾಗೇ. ಅದಕ್ಕೂ ಹಿಂದಿನದರಲ್ಲಿ ಗಂಡನ ಹೆಸರು. ಕಮಿಟಿಯವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. "ಮನೆ ಯಜಮಾನರ ಹೆಸರು ಬರೆಯೋದು ರೂಢಿ ಅಮ್ಮ" ಅಂದರು. ಅಜ್ಜಿ ಬಿಡಲಿಲ್ಲ. "ಯಜಮಾನಿ ನಾನೇ ಕಣಪ್ಪ, ಬರಿ" ಅಂದರು. ಹುಡುಗ ಬೇರೆ ರಸೀದಿ ಬರೆದ. ಅಜ್ಜಿಯ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ. ಅವನು ಒತ್ತು ಬಿಟ್ಟಿದ್ದ. "ಒತ್ತು ಹಾಕು" ಅಂದರು ಅಜ್ಜಿ. ಒತ್ತಕ್ಷರ ಕಲಿಯಲು ಅವರು ಎರಡು ತಿಂಗಳು ಕಷ್ಟಪಟ್ಟಿದ್ದರು. ಸುಮ್ಮನೆ ಬಿಡುತ್ತಾರೆಯೇ?

ಈ ಮಾತು ತರಗತಿಯಲ್ಲಿ ಬಂದಾಗ ಇನ್ನೊಬ್ಬ ತಂಗಿ ಕೇಳಿದಳು. ಅವಳು ಒಂದು ಕ್ಲಬ್ಬಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. "ಟೀಚರ್, ಕ್ಲಬ್ಬಲ್ಲೂ ಕಮಿಟಿ ಇದೆ. ಡಿಸೆಂಬರಲ್ಲಿ ದೀಪ ಕಟ್ಟಿ ಕುಣೀತಾರೆ. ಅದೂ ಸಂಘಾನೇನಾ?"

ಹೌದು, ಅದೂ ಸಂಘವೇ. ಆ ಕಥೆ ಹೇಳುತ್ತೇವೆ.

1809ರಲ್ಲಿ ಇಂಗ್ಲಿಷರು ಹಲಸೂರಿನ ಬಳಿ ಸೈನ್ಯದ ನೆಲೆ ಮಾಡಿದರು. ಅದೇ ದಂಡು, ಅಂದರೆ ಕಂಟೋನ್ಮೆಂಟ್. ಅಲ್ಲಿಯ ಸಾಹೇಬರಿಗೆ ಕೂಡಲು, ಆಡಲು, ಕುಣಿಯಲು ಜಾಗ ಬೇಕಾಯಿತು. 1868ರಲ್ಲಿ ಈಗಿನ ಬೆಂಗಳೂರು ಕ್ಲಬ್ ಶುರುವಾಯಿತು. ಅದೇ ವರ್ಷ ಬೌರಿಂಗ್ ಇನ್ಸ್ಟಿಟ್ಯೂಟ್ ಕೂಡ. ಗಂಡು ಹೆಣ್ಣು ಜೋಡಿಯಾಗಿ ಬ್ಯಾಂಡಿನ ತಾಳಕ್ಕೆ ಕುಣಿಯುವ ದೊಡ್ಡ ಕೂಟಕ್ಕೆ 'ಬಾಲ್' ಅನ್ನುತ್ತಾರೆ. ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿ ಕ್ರಿಸ್‌ಮಸ್, ಹೊಸ ವರ್ಷದ ಬಾಲ್ ಬಹಳ ಮುಖ್ಯ. 'ಮೇ ಕ್ವೀನ್ ಬಾಲ್' ಎಂಬುದೂ ಒಂದಿದೆ. ಆ ರಾತ್ರಿ ಒಬ್ಬ ಹುಡುಗಿಯನ್ನು ರಾಣಿಯಾಗಿ ಆರಿಸಿ ಕಿರೀಟ ತೊಡಿಸುತ್ತಾರೆ.

ಸಾಹೇಬರ ಕಾಲದಲ್ಲಿ ನಮ್ಮ ಅಜ್ಜಿ, ಮುತ್ತಜ್ಜಿಯರು ಆ ಲೋಕವನ್ನು ನೋಡಿದ್ದು ಹಿಂಬಾಗಿಲಿನಿಂದ. ಆಯಾ ಆಗಿ, ದೋಬಿಯಾಗಿ, ಪಾತ್ರೆ ತೊಳೆಯುವವರಾಗಿ. ದೊಡ್ಡ ಓದಿನ ನಮ್ಮವರಿಗೂ ಆಗ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. 1917ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಸೆಂಚುರಿ ಕ್ಲಬ್ ಹುಟ್ಟಿತು. ಅವರು ಬಿಡದಿದ್ದರೆ ನಮ್ಮದೇ ಒಂದು ಇರಲಿ ಎಂದು.

ಬೆಂಗಳೂರು ಕ್ಲಬ್ಬಿನ ಹಳೆಯ ಪುಸ್ತಕದಲ್ಲಿ ಒಂದು ತಮಾಷೆಯ ಬರಹ ಇದೆ. 1899ರಲ್ಲಿ ಬಾಕಿ ಕೊಡದವರ ಪಟ್ಟಿ ಬರೆದರು. ಹದಿನೇಳು ಹೆಸರು. ಅದರಲ್ಲಿ ಒಬ್ಬ ಹುಡುಗು ಸೈನ್ಯಾಧಿಕಾರಿ, ಹೆಸರು ಚರ್ಚಿಲ್. ಬಾಕಿ 13 ರೂಪಾಯಿ. ಇದೇ ಚರ್ಚಿಲ್ 1940ರಲ್ಲಿ ಇಂಗ್ಲೆಂಡಿನ ಪ್ರಧಾನ ಮಂತ್ರಿಯಾದ. ಆದರೂ 13 ರೂಪಾಯಿ ಪುಸ್ತಕದಿಂದ ಹೋಗಲಿಲ್ಲ. ಇದನ್ನು ಕೇಳಿ ನಮ್ಮ ಅಜ್ಜಿ ಬಿದ್ದು ಬಿದ್ದು ನಕ್ಕರು. "ಸಾಲ ಮಾಡಿದವನ ಹೆಸರೂ ನಿಂತದೆ, ನೋಡಿ. ಕೊಟ್ಟೋಳ ಹೆಸರು ಮಾತ್ರ ಇಲ್ಲ!"

ಬಹಳ ದೂರದ ಇನ್ನೊಂದು ಸಂಘದ ಮಾತನ್ನೂ ಹೇಳಬೇಕು. ಅಮೆರಿಕದಲ್ಲಿ ನ್ಯೂ ಆರ್ಲಿಯನ್ಸ್ ಎಂಬ ಊರಿದೆ. ಕ್ರೈಸ್ತರ ತಪಸ್ಸು ಕಾಲಕ್ಕೆ ಮುಂಚೆ ಕುಣಿದು ತಿಂದು ನಲಿಯುವ ಹಬ್ಬಕ್ಕೆ ಕಾರ್ನಿವಲ್ ಎಂದು ಹೆಸರು. ನಮ್ಮ ಗೋವಾದಲ್ಲೂ ಅದು ಇದೆ. ನ್ಯೂ ಆರ್ಲಿಯನ್ಸಿನಲ್ಲಿ ಅದನ್ನು ಕ್ಲಬ್ಬುಗಳೇ ನಡೆಸುತ್ತವೆ. ರಸ್ತೆಯಲ್ಲಿ ಮೆರವಣಿಗೆ, ಆಮೇಲೆ ಬಾಲ್. ಹಿಂದೆ ಬಿಳಿಯರ ಕ್ಲಬ್ಬುಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಕಪ್ಪು ಜನ ತಮ್ಮದೇ ಸಂಘ ಮಾಡಿಕೊಂಡರು. ಅದರ ಹೆಸರು ಜುಲು ಕ್ಲಬ್. 1909ರಿಂದ ಅವರ ಮೆರವಣಿಗೆ ನಡೆಯುತ್ತಿದೆ. ಮೊದಲ ರಾಜನ ಕಿರೀಟ ಯಾವುದು ಗೊತ್ತೇ? ಕೊಬ್ಬು ತುಂಬುವ ತಗಡಿನ ಡಬ್ಬ!

ಆ ಕಾಲದಲ್ಲಿ ಅಲ್ಲಿಯ ಕಪ್ಪು ಜನರ ಇಂಥ ಸಂಘಗಳು ಬರೀ ಕುಣಿತಕ್ಕೆ ಇರಲಿಲ್ಲ. ಸದಸ್ಯರು ಸ್ವಲ್ಪ ಸ್ವಲ್ಪ ಹಣ ಕೂಡಿಸುತ್ತಿದ್ದರು. ಕಾಯಿಲೆ ಬಿದ್ದವರಿಗೆ ಸಹಾಯ. ಸತ್ತವರಿಗೆ ಮಣ್ಣು ಮಾಡುವ ಖರ್ಚು. ನಮ್ಮ ಚೀಟಿ, ನಮ್ಮ ಸ್ವಸಹಾಯ ಸಂಘ ನೆನಪಾಗುವುದಿಲ್ಲವೇ? 1933ರಲ್ಲಿ ಸದಸ್ಯರ ಹೆಂಡತಿಯರು ತಮ್ಮದೇ ಮಹಿಳಾ ವಿಭಾಗ ಕಟ್ಟಿದರು. ಆ ಕ್ಲಬ್ಬಿನವರು ಜನರಿಗೆ ಹಂಚುವುದು ಏನು? ಬಣ್ಣ ಬಳಿದ ತೆಂಗಿನಕಾಯಿ! ಮೊದಲು ಎಸೆಯುತ್ತಿದ್ದರು. ತಲೆಗೆ ಪೆಟ್ಟಾಗಿ ಜನ ಕೋರ್ಟಿಗೆ ಹೋದರು. ಈಗ ಕೈಗೆ ಕೊಡುತ್ತಾರೆ.

1991ರಲ್ಲಿ ಆ ಊರಿನ ನಗರಸಭೆಯಲ್ಲಿ ಡೊರೊಥಿ ಮೇ ಟೇಲರ್ ಎಂಬ ಸದಸ್ಯೆ ಒಂದು ನಿಯಮ ತಂದರು. ಊರಿನ ರಸ್ತೆಯಲ್ಲಿ ಮೆರವಣಿಗೆ ಮಾಡಬೇಕೇ? ಹಾಗಾದರೆ ಬಣ್ಣ, ಧರ್ಮ ನೋಡಿ ಜನರನ್ನು ಹೊರಗಿಡಬೇಡಿ ಎಂದು. ಕೆಲವು ಹಳೆಯ ಕ್ಲಬ್ಬುಗಳಿಗೆ ಸಿಟ್ಟು ಬಂತು. ಅವು ರಸ್ತೆಗೆ ಬರುವುದನ್ನೇ ಬಿಟ್ಟವು, ಒಳಗೆ ಬಾಗಿಲು ಹಾಕಿಕೊಂಡು ಕುಣಿದವು. ಆದರೂ ಹಬ್ಬ ನಿಲ್ಲಲಿಲ್ಲ.

ಈಗ ನಮ್ಮ ಬೀದಿಗೆ ಬರೋಣ. ಕರ್ನಾಟಕದಲ್ಲಿ ಸಂಘಗಳಿಗೆ 1960ರ ಕಾಯಿದೆ ಇದೆ. ಏಳು ಜನ ಸೇರಿದರೆ ಸಂಘವನ್ನು ನೋಂದಣಿ ಮಾಡಿಸಬಹುದು. ಆ ಏಳೂ ಜನ ಹೆಂಗಸರೇ ಆಗಿರಬಹುದು. ನೋಂದಣಿಯಾದ ಸಂಘ ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಕರೆಯಬೇಕು. ಲೆಕ್ಕ ಇಡಬೇಕು. ಬೀದಿಯ ಹಬ್ಬದ ಕಮಿಟಿಗಳು ಎಷ್ಟೋ ಸಲ ನೋಂದಣಿ ಆಗಿರುವುದಿಲ್ಲ. ಆದರೂ ಚಂದಾ ಕೊಟ್ಟವರು ಲೆಕ್ಕ ಕೇಳುವುದು ತಪ್ಪಲ್ಲ, ಜಗಳವೂ ಅಲ್ಲ.

ಅಜ್ಜಿ ಕೇಳಿದರು. "ಲೆಕ್ಕ ಎಲ್ಲಾ ತಲೇಲಿದೆ" ಅಂದರು ಕಮಿಟಿಯವರು. "ಹಾಗಾದ್ರೆ ಗೋಡೆ ಮೇಲೆ ಇಳಿಸಿ" ಅಂದರು ಅಜ್ಜಿ. ಆ ವರ್ಷ ಇಳಿಸಲಿಲ್ಲ. ಮರುವರ್ಷ ಒಂದು ರಟ್ಟಿನ ಹಾಳೆ ನೇತು ಬಿತ್ತು. ಹೂವಿನ ಖರ್ಚಿನ ಸಾಲಿನಲ್ಲಿ ಸೊನ್ನೆ ಬರೆದಿದ್ದರು. ಯಾಕೆ? ಹೆಂಗಸರು ಕೂಲಿ ಇಲ್ಲದೆ ಕಟ್ಟಿದ್ದರಲ್ಲ, ಹೂವೂ ಅವರೇ ತಂದಿದ್ದು. ಅಜ್ಜಿ ಹೋಗಿ ಪೆನ್ನು ಕೇಳಿದರು. ಸೊನ್ನೆಯ ಪಕ್ಕದಲ್ಲಿ ಬರೆದರು: "ನಾವು ಕೊಟ್ಟಿದ್ದು." ಅಕ್ಷರ ಸ್ವಲ್ಪ ಸೊಟ್ಟ. ಆದರೆ ಟ ಅಕ್ಷರಕ್ಕೆ ಒತ್ತು ಸರಿಯಾಗಿತ್ತು.

ಓದಿ, ಲೆಕ್ಕ ಮಾಡಿ

ಇದು ಅಭ್ಯಾಸಕ್ಕಾಗಿ ನಾವು ಬರೆದ ಲೆಕ್ಕ.
ಬಂದ ಚಂದಾ: 9,000 ರೂಪಾಯಿ
ದೀಪ: 3,500
ವಾದ್ಯ: 2,800
ಪ್ರಸಾದ: 1,900
ಉಳಿದದ್ದು: 500

ಖರ್ಚನ್ನು ಕೂಡಿಸಿ. ಬಂದ ಹಣದಲ್ಲಿ ಕಳೆಯಿರಿ. ಉಳಿದದ್ದು ಸರಿಯಾಗಿದೆಯೇ?

ನಿಮ್ಮ ಮನೆಯಲ್ಲಿರುವ ಒಂದು ರಸೀದಿ ತನ್ನಿ. ಅದರಲ್ಲಿ ಯಾರ ಹೆಸರಿದೆ? ಜೋರಾಗಿ ಓದಿ.